ರೋಗಿಯ ಸ್ವಂತ ಮಾತಿನಲ್ಲಿ

ಯಜಮಾನರು: ಅವಳಿಗೆ ಮಾತು ಬರ್ತಿಲ್ಲ ಅಂದೆ. ಹತ್ತೊಂಬತ್ತು ದಿನ ಆಯ್ತು, ಮಾತು ಬರ್ತಿಲ್ಲ.

ದೊಡ್ಡ ಸಿಸ್ಟರ್: ಬರ್ತಿಲ್ವೋ, ಆಡ್ತಿಲ್ವೋ?

ಯಜಮಾನರು: ಎರಡೂ ಒಂದೇ ಅಲ್ವಾ ಸಿಸ್ಟರ್? ಎರಡೂ ಒಂದೇ.

ದೊಡ್ಡ ಸಿಸ್ಟರ್: ನಿಮಗೆ ಒಂದೇ ಇರಬಹುದು. ಈ ಹಾಳೇಲಿ ಎರಡಕ್ಕೂ ಬೇರೆ ಬೇರೆ ಜಾಗ ಇದೆ. ತಪ್ಪು ಜಾಗದಲ್ಲಿ ಬರೆದ್ರೆ ಡಾಕ್ಟ್ರು ಬೈಯೋದು ನನ್ನನ್ನ, ನಿಮ್ಮನ್ನಲ್ಲ. ಅಮ್ಮ, ನಿಮ್ಮ ಹೆಸರು ನೀವೇ ಹೇಳ್ತೀರಾ?

ಯಜಮಾನರೇ ಹೇಳಿದರು. ಎರಡು ಸಲ ಹೇಳಿದರು. ವಯಸ್ಸನ್ನೂ ಹೇಳಿದರು, ಕೇಳದೆ ಇದ್ದ ಮನೆ ನಂಬರನ್ನೂ ಹೇಳಿದರು.

ಇದು ನಡೆದದ್ದು ಮನಸ್ಸಿನ ಕಾಯಿಲೆಯ ಆಸ್ಪತ್ರೆಯಲ್ಲಿ, ಹೆಂಗಸರ ವಾರ್ಡಿಗೆ ಸೇರಿಸಿಕೊಳ್ಳುವ ಕೋಣೆಯಲ್ಲಿ, ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ. ನಾನು ಆ ವಾರ್ಡಿನ ಆಯಾ. ಹೊಸಬರು ಬಂದರೆ ಅವರ ಚೀಲ ಬಿಚ್ಚಿ ಕತ್ತರಿ, ಬ್ಲೇಡು, ಹಗ್ಗ, ಗಾಜಿನ ಸಾಮಾನು ಇದ್ದರೆ ತೆಗೆದಿಡುವುದು ನನ್ನ ಕೆಲಸ. ಸಿಸ್ಟರ್ ಒಬ್ಬರೇ ಕೂತು ಬರೆಯುವಂತಿಲ್ಲ, ಇನ್ನೊಬ್ಬರು ಜೊತೆಗಿರಬೇಕು ಅನ್ನುವುದು ಅಲ್ಲಿನ ಕಟ್ಟಳೆ, ಅದಕ್ಕೂ ನಾನೇ. ಒಂದು ಮೇಜು, ನಾಲ್ಕು ಕುರ್ಚಿ, ತೂಕದ ಮೆಷೀನು, ಒಳಗಡೆ ಚಿಲಕವಿಲ್ಲದ ಕಿಟಕಿ, ಗಾಜು ಕೂರಿಸಿದ ಬಾಗಿಲು, ಗೋಡೆಯ ಮೇಲೊಂದು ಗಡಿಯಾರ. ಇಷ್ಟೇ ಕೋಣೆ.

ಬಂದವರು ಗಂಡ ಹೆಂಡತಿ. ಗಂಡ ರೈಲ್ವೆ ಸ್ಟೇಷನ್ನಿನಲ್ಲಿ ಮೂವತ್ತನಾಲ್ಕು ವರ್ಷ ಮೈಕಿನ ಮುಂದೆ ಕೂತು, ಯಾವ ಗಾಡಿ ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತದೆ ಅಂತ ಹೇಳುತ್ತಿದ್ದವರು. ರಿಟೈರಾಗಿ ಎಂಟು ತಿಂಗಳು. ಗಾಡಿಯ ವಿಷಯವನ್ನು ಎರಡೆರಡು ಸಲ ಹೇಳಿ ಹೇಳಿ ನಾಲಿಗೆಗೆ ಅದೇ ಅಭ್ಯಾಸ ಹತ್ತಿಬಿಟ್ಟಿತ್ತು. ಗಾಡಿ ನಿಂತರೂ ನಾಲಿಗೆ ನಿಂತಿರಲಿಲ್ಲ. ಹೆಂಡತಿಗೆ ಐವತ್ತೈದು ದಾಟಿರಬೇಕು. ಬೇರೆಯವರು ಹಿಡಿದಿಟ್ಟ ಸೀಟಿನಲ್ಲಿ ಕೂತವಳ ಹಾಗೆ ಕುರ್ಚಿಯ ತುದಿಯಲ್ಲಿ ಕೂತು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು. ಮೈಮೇಲಿನ ಬಟ್ಟೆ ಒಂದಳತೆ ದೊಡ್ಡದಾಗಿತ್ತು. ಬಟ್ಟೆ ಬೆಳೆಯುವುದಿಲ್ಲ, ಮೈ ಇಳಿದಿತ್ತು ಅಂತ ನನಗೆ ಗೊತ್ತಾಯಿತು. ಜೊತೆಯಲ್ಲೇ ಊಟ ಮಾಡುವವರಿಗೆ ಗೊತ್ತಾಗಿರಲಿಲ್ಲ.

ದೊಡ್ಡ ಸಿಸ್ಟರ್ ಅಂದರೆ ವಾರ್ಡಿನ ಯಜಮಾನಿ. ಕುಳ್ಳಗೆ, ದಪ್ಪ ಕನ್ನಡಕ. ಸಿಟ್ಟು ಬಂದರೆ ಆಕೆಯ ದನಿ ಏರುತ್ತಿರಲಿಲ್ಲ, ಅಕ್ಷರ ದುಂಡಗಾಗುತ್ತಿತ್ತು. ಕಲಿಯಲು ಬರುವ ಹುಡುಗಿಯರಿಗೆ ಆಕೆ ಮೊದಲು ಹೇಳಿಕೊಡುತ್ತಿದ್ದದ್ದು ಒಂದೇ: ನಿಮ್ಮ ಬುದ್ಧಿ ಮನೇಲಿಟ್ಟು ಬನ್ನಿ, ಕಣ್ಣು ಕಿವಿ ತನ್ನಿ. 'ಸಿಟ್ಟಾಗಿದ್ದಾಳೆ' ಅಂತ ಬರೀಬೇಡಿ, 'ತಟ್ಟೆ ತಳ್ಳಿದಳು' ಅಂತ ಬರೀರಿ. ಹಾಳೆಯ ನೆತ್ತಿಯ ಮೇಲೂ ಅದೇ ಅಚ್ಚಾಗಿತ್ತು, 'ರೋಗಿಯ ಸ್ವಂತ ಮಾತಿನಲ್ಲಿ ಬರೆಯತಕ್ಕದ್ದು' ಅಂತ. ಆ ದಿನ ಯಜಮಾನರು ಮೂರನೇ ಸಲ ನಡುವೆ ಬಾಯಿ ಹಾಕಿದಾಗ ನಾನು ಹಾಳೆಯ ಕಡೆ ಬಗ್ಗಿ ನೋಡಿದೆ. ಅಕ್ಷರ ಮುತ್ತಿನ ಹಾಗೆ ಬೀಳುತ್ತಿತ್ತು.

ದೊಡ್ಡ ಸಿಸ್ಟರ್: ಅಮ್ಮ, ನಿದ್ದೆ ಹೇಗೆ ಬರುತ್ತೆ?

ಯಜಮಾನರು: ನಾಲ್ಕಕ್ಕೆ ಏಳೋದು. ನಾಲ್ಕಕ್ಕೆ.

ದೊಡ್ಡ ಸಿಸ್ಟರ್: ಯಾರು ಏಳೋದು?

ಯಜಮಾನರು: ನಾನು. ನಾನೆದ್ದ ಮೇಲೆ ಮನೇಲಿ ಇನ್ಯಾರು ಮಲಗ್ತಾರೆ? ಎದ್ದ ತಕ್ಷಣ ಟೈಮು ಹೇಳ್ತೀನಿ. ಮಲಗಿರೋರಿಗೆ ಟೈಮು ಗೊತ್ತಾಗಬೇಡ್ವಾ? ಗೊತ್ತಾಗಬೇಡ್ವಾ?

ಸಿಸ್ಟರ್ ಬರೆದುಕೊಂಡರು. ಊಟದ ವಿಷಯವನ್ನು ಆಕೆಯ ಮುಖ ನೋಡಿಯೇ ಕೇಳಿದರು. ಯಜಮಾನರು, ಊಟಕ್ಕೇನೂ ತೊಂದರೆಯಿಲ್ಲ, ಏನು ಮಾಡಬೇಕು ಅಂತ ಹಿಂದಿನ ದಿನವೇ ಹೇಳಿಬಿಡುತ್ತೇನೆ, ಬಡಿಸಿದ ಮೇಲೆ ಹೇಗಾಗಿದೆ ಅಂತಲೂ ನಾನೇ ಹೇಳುತ್ತೇನೆ ಅಂದರು. ಉಣ್ಣುವವರು ಯಾರು ಅಂತ ಸಿಸ್ಟರ್ ಕೇಳಿದ್ದಕ್ಕೆ 'ನಾವು' ಅಂದರು. ನಾವು ಅಂದರೆ ಯಾರು ಅಂದದ್ದಕ್ಕೆ ಸ್ವಲ್ಪ ಯೋಚಿಸಿ 'ನಾನು' ಅಂದರು. ಅವಳು ಆಮೇಲೆ ಉಣ್ಣುತ್ತಾಳೆ, ಒಳಗೆ, ಅಷ್ಟು ಗಮನಿಸಿಲ್ಲ ಅಂದರು.

ದೊಡ್ಡ ಸಿಸ್ಟರ್: ಅಮ್ಮ, ಎದುರಿಗೆ ಇಲ್ಲದ್ದು ಏನಾದ್ರೂ ಕಿವಿಗೆ ಕೇಳಿಸುತ್ತಾ? ಯಾರದಾದ್ರೂ ದನಿ, ಏನಾದ್ರೂ ಸದ್ದು?

ಯಜಮಾನರು: ಆರು ಹತ್ತರ ಪ್ಯಾಸೆಂಜರು ಕೇಳಿಸುತ್ತೆ. ದಿನಾ ಕೇಳಿಸುತ್ತೆ.

ದೊಡ್ಡ ಸಿಸ್ಟರ್: ಮನೆ ಸ್ಟೇಷನ್ನಿನ ಪಕ್ಕಾನಾ?

ಯಜಮಾನರು: ನಾಲ್ಕು ಮೈಲಿ.

ದೊಡ್ಡ ಸಿಸ್ಟರ್: ಅಷ್ಟು ದೂರಕ್ಕೆ ಕೇಳಿಸುತ್ತೆ ಅಂದ್ರೆ ದೊಡ್ಡ ಗಾಡಿ ಇರಬೇಕು.

ಯಜಮಾನರು: ದೊಡ್ಡದೆಲ್ಲಿ ಬಂತು, ಐದು ಬೋಗಿ. ಎರಡು ವರ್ಷದ ಹಿಂದೆ ಅದನ್ನ ನಿಲ್ಲಿಸಿಬಿಟ್ಟರು. ಆದ್ರೂ ಕೇಳಿಸುತ್ತೆ. ಕೇಳಿಸಿದ ಮೇಲೆ ಹೇಳದೆ ಇರೋಕಾಗುತ್ತಾ? ಹಜಾರದಲ್ಲಿ ನಿಂತು ಹೇಳಿಬಿಡ್ತೀನಿ.

ಸಿಸ್ಟರ್ ತಲೆಯೆತ್ತದೆ ಹಾಳೆ ತಿರುಗಿಸಿದರು. ತನ್ನಿಂದಲೇ ಎಲ್ಲವೂ ನಡೆಯುತ್ತಿದೆ ಅಂತ ಅನ್ನಿಸುತ್ತದೆಯಾ ಅನ್ನುವುದು ಮುಂದಿನ ಪ್ರಶ್ನೆ. ಅದನ್ನೂ ಆಕೆಯನ್ನೇ ಕೇಳಿದರು. ಯಜಮಾನರು ಕುರ್ಚಿಯಲ್ಲಿ ನೆಟ್ಟಗಾದರು. ಅನ್ನಿಸುವುದೇನು ಬಂತು, ದಿನಕ್ಕೆ ನಲವತ್ತೆರಡು ಗಾಡಿ ತನ್ನ ಬಾಯಿಂದಲೇ ನಡೆದಿವೆ, ಡ್ರೈವರು ಸುಮ್ಮನೆ ಕೂತಿರುತ್ತಿದ್ದ ಅಂದರು. ಇವತ್ತು ಯಾವ ವಾರ, ಈಗ ಎಷ್ಟು ಹೊತ್ತು ಅಂತ ಕೇಳಿದಾಗ ತಮ್ಮ ಕೈಗಡಿಯಾರ ನೋಡಿದರು, ಗೋಡೆ ಗಡಿಯಾರ ನೋಡಿದರು, ನಿಮ್ಮದು ಮೂರು ನಿಮಿಷ ಹಿಂದಿದೆ, ಮೂರು ನಿಮಿಷ ಅಂದವರೇ, ನಾನು ಬೇಡಿ ಸ್ವಾಮಿ ಅನ್ನುವಷ್ಟರಲ್ಲಿ ಕುರ್ಚಿಯ ಮೇಲೆ ಹತ್ತಿ ಮುಳ್ಳು ತಿರುಗಿಸಿಬಿಟ್ಟರು. ಸಿಸ್ಟರ್ ಅದನ್ನೂ ಬರೆದರು.

ಇತ್ತ ನಾನು ಚೀಲ ಬಿಚ್ಚಿದೆ. ಆಸ್ಪತ್ರೆಗೆ ಸೇರುವ ಹೆಂಗಸಿನ ಚೀಲ. ಗಂಡ ತುಂಬಿದ್ದು. ಒಂದು ಅಲಾರಂ ಗಡಿಯಾರ, ಹಳೇ ರೈಲ್ವೆ ಟೈಂಟೇಬಲ್ಲು, ಟಾರ್ಚು, ಯಜಮಾನರದೇ ಎರಡು ಅಂಗಿ. ಹೆಂಗಸಿಗೆ ಒಂದು ಬಾಚಣಿಗೆ ಇಲ್ಲ, ಟವೆಲ್ಲಿಲ್ಲ, ಬದಲಿ ಬಟ್ಟೆ ಇಲ್ಲ. ಕತ್ತರಿ ಹುಡುಕುವ ಗೋಜೇ ಇರಲಿಲ್ಲ, ಆಕೆಯದು ಅನ್ನುವ ಒಂದು ಸಾಮಾನೂ ಅದರಲ್ಲಿರಲಿಲ್ಲ. ತಳದಲ್ಲಿ ಒಂದು ಮಡಿಸಿದ ಕಾಗದ. ನನಗೆ ಓದು ಅಷ್ಟಕ್ಕಷ್ಟೇ, ಆದರೂ ಯಜಮಾನರ ಅಕ್ಷರ ಸ್ಟೇಷನ್ನಿನ ಬೋರ್ಡಿನಷ್ಟು ದೊಡ್ಡದಿತ್ತು.

ನಾನು: ಇದೇನು ಸ್ವಾಮಿ, ಪಟ್ಟಿ?

ಯಜಮಾನರು: ಅದು ಮುಖ್ಯ, ಅದು ಮುಖ್ಯ. ಮಾತು ಬಂದ ತಕ್ಷಣ ಅವಳನ್ನ ಕೇಳಬೇಕಾದ್ದು. ಉಗುರು ಕತ್ತರಿಸೋದು ಎಲ್ಲಿದೆ. ಅಲಮಾರಿ ಬೀಗದ ಕೈ ಎಲ್ಲಿದೆ. ಅಕ್ಕಿಗೆ ನೀರು ಎಷ್ಟು. ನನ್ನ ಕಂದು ಬಣ್ಣದ ಸ್ವೆಟರ್ ಎಲ್ಲಿ. ಹದಿನೇಳು ಆಗಿದೆ, ಹದಿನೇಳು. ಇನ್ನೂ ತಡ ಮಾಡಿದ್ರೆ ಮನೆ ನಡೆಯಲ್ಲ ಸಿಸ್ಟರ್, ಅದಕ್ಕೇ ಕರ್ಕೊಂಡು ಬಂದೆ.

ಸಿಸ್ಟರ್ ಪೆನ್ನು ನಿಲ್ಲಿಸಿ ಒಂದು ಗಳಿಗೆ ಅವರನ್ನು ನೋಡಿದರು. ಹಾಗಾದರೆ ಹೆಂಡತಿಗೆ ಏನಾಗಿದೆ ಅನ್ನುವ ಯೋಚನೆಯಿಂದಲ್ಲ, ಸ್ವೆಟರ್ ಸಿಗಲಿಲ್ಲ ಅಂತ ಬಂದಿದ್ದೀರಿ ಅಂದರು. ಯಜಮಾನರು ಅದರಲ್ಲಿ ತಪ್ಪೇನೂ ಕಾಣದೆ ಚಳಿಗಾಲ ಬಂತಲ್ಲ ಅಂದರು.

ಕೊನೆಯಲ್ಲಿ ಸಹಿ. ಅಲ್ಲಿ ಯಾರನ್ನೂ ಎಳೆದು ತಂದು ಸುಮ್ಮನೆ ಮಲಗಿಸುವಂತಿಲ್ಲ. 'ನಾನು ನನ್ನ ಇಷ್ಟದಿಂದ ಬಂದಿದ್ದೇನೆ' ಅಂತ ಬಂದವರೇ ಸಹಿ ಹಾಕಬೇಕು. ಸಿಸ್ಟರ್ ಹಾಳೆಯನ್ನು ಆಕೆಯ ಕಡೆ ತಿರುಗಿಸಿ, ಅದರ ಮೇಲೆ ಪೆನ್ನಿಟ್ಟು, ಅವಸರವಿಲ್ಲ ಅಮ್ಮ, ಮೊದಲು ನಾನು ಓದಿ ಹೇಳುತ್ತೇನೆ ಅನ್ನುತ್ತಿದ್ದರು. ಅಷ್ಟರಲ್ಲಿ ಯಜಮಾನರು ಪೆನ್ನು ಎತ್ತಿಕೊಂಡು ಸರಕ್ಕನೆ ಸಹಿ ಹಾಕಿ, ಕೆಳಗೆ ಎರಡು ಗೆರೆ ಎಳೆದು, ಟೈಮೂ ಬರೆದರು. ಸ್ಟೇಷನ್ನಿನಲ್ಲಿ ಮೂವತ್ತನಾಲ್ಕು ವರ್ಷ ಹೀಗೇ ನಡೆದಿದೆಯಂತೆ. ಬಂದ ತಕ್ಷಣ ಸಹಿ, ಓದುವುದು ಪುರುಸೊತ್ತಾದಾಗ.

ಸಿಸ್ಟರ್ ಹಾಳೆ ತೆಗೆದುಕೊಂಡು ಕನ್ನಡಕ ಸರಿಮಾಡಿಕೊಂಡರು.

ದೊಡ್ಡ ಸಿಸ್ಟರ್: ಬರೆದದ್ದನ್ನ ಓದಿ ಹೇಳಬೇಕು, ಅದು ನಿಯಮ. ಕೇಳಿ. 'ರೋಗಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮಲಗಿದವರಿಗೆ ಟೈಮು ಹೇಳುತ್ತಾರೆ. ಇಲ್ಲದ ಗಾಡಿಯ ಸದ್ದು ಪ್ರತಿದಿನ ಕೇಳಿಸುತ್ತದೆ, ಅದು ಬಂತೆಂದು ಹಜಾರದಲ್ಲಿ ನಿಂತು ಸಾರುತ್ತಾರೆ. ನಲವತ್ತೆರಡು ಗಾಡಿಗಳು ತಮ್ಮ ಬಾಯಿಂದಲೇ ನಡೆದವು ಎನ್ನುತ್ತಾರೆ. ಒಂದೇ ಮಾತನ್ನು ಎರಡು ಸಲ ಹೇಳುತ್ತಾರೆ. ಬೇರೆಯವರಿಗೆ ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಮಾತಾಡುತ್ತ ಮಾತಾಡುತ್ತ ಕುರ್ಚಿಯ ಮೇಲೆ ಹತ್ತಿದರು.' ಸರಿಯಾಗಿದೆಯಾ?

ಯಜಮಾನರು: ಅಯ್ಯಯ್ಯೋ. ಇದು ಭಾರಿ ಕೇಸು, ಭಾರಿ ಕೇಸು. ಇಂಥವರನ್ನ ಮನೇಲಿಟ್ಟುಕೊಳ್ಳೋಕಾಗುತ್ತಾ? ಪಾಪ, ಮನೆಯವರು ಹೇಗೆ ಸಹಿಸ್ಕೋತಾರೋ. ಮೊದಲು ಸೇರಿಸಿಕೊಳ್ಳಿ.

ದೊಡ್ಡ ಸಿಸ್ಟರ್: ನನಗೂ ಹಾಗೇ ಅನ್ನಿಸ್ತು. ಸಹಿನೂ ಆಗಿದೆ. ಇಷ್ಟಪಟ್ಟು ಬಂದಿದ್ದಾರೆ.

ಯಜಮಾನರು: ಯಾರು ಇವರು?

ದೊಡ್ಡ ಸಿಸ್ಟರ್: ಸಹಿ ನೋಡಿ. ಕೆಳಗೆ ಎರಡು ಗೆರೆ ಇದೆ.

ಯಜಮಾನರು ನೋಡಿದರು. ಕಾಗದವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಆ ಹೊತ್ತಿಗೆ ಪಕ್ಕದ ಕುರ್ಚಿಯಿಂದ ಒಂದು ಸದ್ದು ಬಂತು. ಮೂಗಿನಿಂದ ಬಂದದ್ದು, ತಡೆದರೂ ತಡೆಯದೆ ಬಂದದ್ದು. ಹತ್ತೊಂಬತ್ತು ದಿನದಲ್ಲಿ ಆಕೆಯಿಂದ ಬಂದ ಮೊದಲ ಸದ್ದು ಅದು.

ಯಜಮಾನರು: ಅವಳಿಗೆ ನೆಗಡಿ ಆಗಿದೆ. ನೆಗಡಿ.

ಆಮೇಲೆ ಸುಮಾರು ಹೊತ್ತು ಅವರು ಹಾರಾಡಿದರು. ಇದು ಮೋಸ ಅಂದರು, ಮೇಲಿನವರಿಗೆ ಬರೆಯುತ್ತೇನೆ ಅಂದರು, ಗೌರವಸ್ಥನಿಗೆ ಹುಚ್ಚನ ಪಟ್ಟ ಕಟ್ಟಿದಿರಿ ಅಂದರು. ಸಿಸ್ಟರ್ ನಿಧಾನವಾಗಿ, ಕೇಳಿದ್ದು ಅವರನ್ನು, ಉತ್ತರ ಬಂದದ್ದು ನಿಮ್ಮಿಂದ, ಬಂದ ಉತ್ತರವನ್ನು ನಾನು ಬರೆದೆ, ನಿಮ್ಮ ಗಾಡಿ ಬೇರೆಯವರ ಪ್ಲಾಟ್‌ಫಾರಮ್ಮಿಗೆ ಬಂದರೆ ನಾನೇನು ಮಾಡಲಿ ಅಂದರು.

ಯಜಮಾನರು: ಹಾಗಾದ್ರೆ ನನಗೆ ಕಾಯಿಲೆ ಅಂತೀರಾ?

ದೊಡ್ಡ ಸಿಸ್ಟರ್: ಇಲ್ಲ. ಕಾಯಿಲೆ ಆಗಿದ್ರೆ ನನಗೆ ಮರುಕ ಬರ್ತಿತ್ತು. ಒಳಗೆ ಮೂವತ್ತು ಜನ ಇದ್ದಾರೆ, ಇಲ್ಲದ ದನಿ ಕೇಳಿಸೋರೂ ಇದ್ದಾರೆ. ಪಕ್ಕದವರು ಅತ್ತರೆ ಅವರು ತಿರುಗಿ ನೋಡ್ತಾರೆ. ನಿಮಗಿರೋದು ಬರೀ ಅಭ್ಯಾಸ.

ಹಾಳೆಗೆ ಅಡ್ಡ ಗೆರೆ ಎಳೆದು 'ರದ್ದು' ಅಂತ ಬರೆದು ಹೊಸದೊಂದು ತೆಗೆದರು. ಈ ಸಲ ಹೆಸರಿನಿಂದ ಶುರು ಮಾಡಲಿಲ್ಲ. ಯಜಮಾನರು ಇಲ್ಲಿರಬೇಕಾ, ಹೊರಗಿರಬೇಕಾ ಅಂತಷ್ಟೇ ಆಕೆಯನ್ನು ಕೇಳಿದರು. ಆಕೆ ಹೆಣೆದುಕೊಂಡಿದ್ದ ಬೆರಳುಗಳಲ್ಲಿ ಒಂದನ್ನು ಬಿಡಿಸಿ ಬಾಗಿಲು ತೋರಿಸಿದಳು.

ಯಜಮಾನರು, ನಾನಿಲ್ಲದೆ ಅವಳು ಏನೂ ಹೇಳಲ್ಲ, ಏನೂ ಹೇಳಲ್ಲ ಅಂದರು. ನೀವಿದ್ದಾಗ ಎಷ್ಟು ಹೇಳಿದಳು ಅಂತ ನಾನೇ ಕೇಳಿದೆ. ಆಯಾಗೆ ಅಷ್ಟು ಬಾಯಿ ಇರಬಾರದು, ಆದರೆ ಸಿಸ್ಟರ್ ಗದರಲಿಲ್ಲ. ಅವರನ್ನು ಹೊರಗೆ ಕೂರಿಸಿ ಬಾಗಿಲು ಮುಂದೆ ಮಾಡಿದೆ. ಗಾಜಿನ ಆಚೆ ಅವರ ಬಾಯಿ ಆಡುತ್ತಲೇ ಇತ್ತು, ದನಿ ಮಾತ್ರ ಈಚೆಗೆ ಬರುತ್ತಿರಲಿಲ್ಲ. ಮನುಷ್ಯ ಹಾಗೆ ನೋಡಲು ಸೌಮ್ಯವಾಗಿಯೇ ಕಂಡ.

ಸಿಸ್ಟರ್ ಪೆನ್ನಿಗೆ ಮುಚ್ಚಳ ಹಾಕಿದರು. ಮೇಜಿನ ಆಚೆಯಿಂದ ಕುರ್ಚಿ ಎಳೆದು ತಂದು ಆಕೆಯ ಪಕ್ಕ, ಎದುರಿಗಲ್ಲ, ಪಕ್ಕದಲ್ಲಿ ಕೂತರು. ಕೂತು ಸುಮ್ಮನಾದರು.

ಕಲಿಯಲು ಬರುವ ಹುಡುಗಿಯರು ಎಲ್ಲ ಕಲಿಯುತ್ತಾರೆ. ಸೂಜಿ ಚುಚ್ಚುವುದು, ಮಾತ್ರೆ ನುಂಗಿದರೋ ದವಡೆಯಲ್ಲಿ ಇಟ್ಟುಕೊಂಡರೋ ಅಂತ ಬಾಯಿ ಬಿಡಿಸಿ ನೋಡುವುದು, ಹೊಡೆಯಲು ಬಂದವರ ಕೈಯನ್ನು ನೋವಾಗದ ಹಾಗೆ ಹಿಡಿಯುವುದು. ಇದೊಂದು ಬರುವುದಿಲ್ಲ. ಮಾತಾಡಿಸುವುದು ಅಂದರೆ ತಾವು ಮಾತಾಡುವುದು ಅಂದುಕೊಂಡಿರುತ್ತಾರೆ. ಅರ್ಧ ನಿಮಿಷ ಸುಮ್ಮನಿದ್ದರೆ ಅವರಿಗೇ ಮೈ ಕಡಿಯತೊಡಗುತ್ತದೆ. ಏನಾಯ್ತಮ್ಮಾ, ಯಾಕಮ್ಮಾ, ಬೇಜಾರಾ ಅಂತ ಕೋಳಿ ಕುಕ್ಕಿದ ಹಾಗೆ ಕುಕ್ಕುತ್ತಾರೆ. ನಮ್ಮ ಮನೆಯವರು ಇದ್ದಾಗ ದಿನಕ್ಕೆ ಎರಡು ಮಾತಾಡಿದರೆ ಹೆಚ್ಚು. ಕಲ್ಲಿನ ಜೊತೆ ಸಂಸಾರ ಮಾಡಿದ ಹಾಗಾಯಿತು ಅಂತ ನಾನೂ ಬೈದವಳೇ. ಆದರೆ ನಾನು ಹೇಳಿದ್ದನ್ನು ಆ ಮನುಷ್ಯ ಕೇಳಿಸಿಕೊಳ್ಳುತ್ತಿದ್ದ. ಅದು ದೊಡ್ಡ ವಿಷಯ ಅಂತ ಗೊತ್ತಾಗಲು ನನಗೆ ಆ ವಾರ್ಡಿನಲ್ಲಿ ಕೆಲಸ ಮಾಡಬೇಕಾಯಿತು.

ಎಷ್ಟೋ ನಿಮಿಷ ಆದ ಮೇಲೆ ಆಕೆ ಗಾಜಿನ ಕಡೆ ನೋಡದೆ ಕೇಳಿದಳು.

ಆಕೆ: ಹೋದ್ರಾ?

ದೊಡ್ಡ ಸಿಸ್ಟರ್: ಹೊರಗಿದ್ದಾರೆ. ಅವರಿಗೆ ಕೇಳಿಸಲ್ಲ.

ಆಕೆ: ಒಳಗಿದ್ರೂ ಕೇಳಿಸಲ್ಲ.

ಹತ್ತೊಂಬತ್ತು ದಿನ ಆಡದ ದನಿ ಗೊಗ್ಗರಾಗಿತ್ತು. ನಾನು ನೀರು ಕೊಟ್ಟೆ. ಒಂದೊಂದೇ ಮಾತು ಬಂತು. ನಿದ್ದೆ ಇಲ್ಲದೆ ನಾಲ್ಕು ತಿಂಗಳು. ಅನ್ನ ಬಾಯಿಗಿಟ್ಟರೆ ಮಣ್ಣು. ಪಾತ್ರೆ ತೊಳೆಯಲು ನಿಂತರೆ ಎಷ್ಟು ಹೊತ್ತು ನಿಂತಿದ್ದೆ ಅಂತ ತಿಳಿಯುವುದಿಲ್ಲ, ನೀರು ಹರಿದು ಹೋಗುತ್ತಿರುತ್ತದೆ. ಸಿಸ್ಟರ್ ಎಲ್ಲ ಕೇಳಿಸಿಕೊಂಡು, ಊಟದ ವಿಷಯ ಕೇಳಿದ ದನಿಯಲ್ಲೇ ಮುಂದಿನದನ್ನೂ ಕೇಳಿದರು.

ದೊಡ್ಡ ಸಿಸ್ಟರ್: ಸಾಯಬೇಕು ಅಂತ ಅನ್ನಿಸಿದೆಯಾ ಅಮ್ಮ?

ಆಕೆ: ಅನ್ನಿಸಿದೆ.

ಏನಾದರೂ ಮಾಡಿಕೊಳ್ಳಲು ಹೊರಟಿದ್ದಿರಾ, ಹೇಗೆ ಅಂತ ಯೋಚನೆ ಬಂದಿದೆಯಾ ಅಂತ ಸಿಸ್ಟರ್ ಬಿಡದೆ ವಿಚಾರಿಸಿದರು. ಇಲ್ಲ ಅಂದಳು. ಬೆಳಗಾಗದೆ ಇದ್ದರೆ ಸಾಕು ಅನ್ನಿಸುತ್ತದೆ, ಅಷ್ಟೇ. ಆದರೆ ದಿನಾ ಅನ್ನಿಸುತ್ತದೆ. ಇದನ್ನು ಯಾರಿಗಾದರೂ ಹೇಳಿದ್ದೀರಾ ಅಂದಾಗ ಆಕೆ ಮೊದಲ ಸಲ ತಲೆಯೆತ್ತಿದಳು.

ಆಕೆ: ಇವರಿಗೆ ಹೇಳಿದೆ. ಹತ್ತೊಂಬತ್ತು ದಿನದ ಹಿಂದೆ, ಬುಧವಾರ, ತಿಂಡಿ ತಿನ್ನೋವಾಗ. ನನಗೆ ಬದುಕೋದು ಬೇಡ ಅನ್ನಿಸ್ತಿದೆ ರೀ ಅಂದೆ. ಏಳು ನಲವತ್ತಾಯ್ತು ಅಂದ್ರು. ಅವರು ಎಲ್ಲಾನೂ ಎರಡು ಸಲ ಹೇಳ್ತಾರಲ್ಲ, ಹಾಗೆ ಹೇಳಿದ್ರೆ ಮುಟ್ಟುತ್ತೇನೋ ಅಂತ ಇನ್ನೊಂದು ಸಲ ಹೇಳಿದೆ. ಸ್ವಲ್ಪ ಗಟ್ಟಿಯಾಗಿ ಹೇಳು ಅಂದ್ರು. ಗಟ್ಟಿಯಾಗಿ ಹೇಳಿದೆ. ಉಗುರು ಕತ್ತರಿಸೋದು ಎಲ್ಲಿ ಅಂದ್ರು. ಆಮೇಲೆ ಈ ಬಾಯಿ ಯಾಕೆ ಸುಮ್ಮನೆ ಸವೆಸಲಿ ಅನ್ನಿಸ್ತು.

ನಾನು ಬಾಗಿಲ ಕಡೆ ತಿರುಗಿಕೊಂಡೆ. ಗಾಜಿನ ಆಚೆ ಯಜಮಾನರು ಹಾದುಹೋಗುತ್ತಿದ್ದ ಕಸ ಗುಡಿಸುವವಳನ್ನು ನಿಲ್ಲಿಸಿಕೊಂಡು ಏನೋ ತಿಳಿಸುತ್ತಿದ್ದರು. ಅವಳು ಪೊರಕೆ ಹಿಡಿದು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು.

ಇದನ್ನು ಯಜಮಾನರಿಗೆ ತಿಳಿಸಬಹುದಾ ಅಂತ ಸಿಸ್ಟರ್ ಕೇಳಿದರು. ನಾನಂತೂ ತಿಳಿಸಿಯಾಯಿತು, ನೀವೂ ನೋಡಿ ಅಂದಳು ಆಕೆ.

ಒಳಗೆ ಬಂದ ಯಜಮಾನರಿಗೆ ಹೆಂಡತಿ ಮಾತಾಡಿದಳು ಅನ್ನುವುದೊಂದೇ ಕಿವಿಗೆ ಬಿತ್ತು. ಮುಖ ಅರಳಿತು. ಹಾಗಾದರೆ ಗುಣವಾಯಿತು, ಗುಣವಾಯಿತು, ಹನ್ನೊಂದು ಇಪ್ಪತ್ತರ ಗಾಡಿ ಸಿಗುತ್ತದೆ ಅಂತ ಚೀಲಕ್ಕೆ ಕೈ ಹಾಕಿದರು. ಪಟ್ಟಿಯನ್ನು ಹೊರಗೆ ತೆಗೆದು ಮೊದಲನೆಯ ಪ್ರಶ್ನೆಯ ಮೇಲೆ ಬೆರಳಿಟ್ಟರು. ಸ್ವಲ್ಪ ಹೊತ್ತಿನ ಮುಂಚೆ ಮೊದಲು ಸೇರಿಸಿಕೊಳ್ಳಿ ಅಂದವರು ಇವರೇ. ಈಗ ಸೇರಿಸುವುದೇನೂ ಬೇಡ, ಮಾತು ಬಂತಲ್ಲ ಅಂದರು. ಸಿಸ್ಟರ್ ಕೂರಿ ಅಂದರು. ಕೂರಿಸಿ ಆಕೆ ಹೇಳಿದ್ದನ್ನು ಒಂದೂ ಬಿಡದೆ ಹೇಳಿದರು.

ಯಜಮಾನರು: ನನಗೆ ಹೇಳೇ ಇಲ್ಲ.

ಆಕೆ: ಹೇಳಿದೆ. ಬುಧವಾರ.

ಯಜಮಾನರು: ಅದು... ಏನೋ ಮಾತಿಗೆ ಅಂದಳು ಅಂದ್ಕೊಂಡೆ. ಬೇಜಾರಾದಾಗ ಎಲ್ಲರೂ ಅನ್ನಲ್ವಾ ಸಿಸ್ಟರ್? ನೀವೇ ಈಗ ಸಾವು ಗೀವು ಅಂತ ಕೇಳಿ ಅವಳ ತಲೇಲಿ ಇಲ್ಲದ್ದನ್ನ ಹಾಕಿದ್ರಿ.

ದೊಡ್ಡ ಸಿಸ್ಟರ್: ಯಾರೋ ಬಂದು ಗಾಡಿ ಬರುತ್ತಾ ಅಂತ ಕೇಳಿದ್ದಕ್ಕೆ ನಿಮ್ಮ ಸ್ಟೇಷನ್ನಿಗೆ ಗಾಡಿ ಬಂದುಬಿಟ್ಟಿದೆಯಾ?

ಯಜಮಾನರು: ಅದು ಹೇಗೆ ಬರುತ್ತೆ?

ದೊಡ್ಡ ಸಿಸ್ಟರ್: ಬರೋ ಹಾಗಿದ್ದ ಗಾಡಿ ಬರುತ್ತೆ. ಕೇಳಿದವರು ಮುಂಚೆ ತಿಳ್ಕೋತಾರೆ. ನಿಮಗೆ ನಿಂತುಹೋದ ಗಾಡಿ ನಾಲ್ಕು ಮೈಲಿಯಿಂದ ಕೇಳಿಸುತ್ತೆ, ತಟ್ಟೆ ಎದುರು ಕೂತು ಮೂರು ಸಲ ಹೇಳಿದ್ದು ಕೇಳಿಸಲ್ಲ. ಮೂವತ್ತು ವರ್ಷದಿಂದ ಈ ಕುರ್ಚೀಲಿ ಕೂತಿದ್ದೀನಿ ಯಜಮಾನರೇ, ಇಂಥ ಕಿವಿ ನೋಡಿರಲಿಲ್ಲ.

ಯಜಮಾನರು ಏನೋ ಹೇಳಲು ಹೊರಟು ಅರ್ಧಕ್ಕೆ ನಿಂತರು. ಮಾತನ್ನು ಒಂದು ಸಲವೂ ಪೂರ್ತಿ ಹೇಳದೆ ಬಿಟ್ಟದ್ದು ಅದೇ ಮೊದಲಿರಬೇಕು. ಪಟ್ಟಿಯನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. ಹೆಂಡತಿಯ ಮುಖ ನೋಡಿದರು. ಆಮೇಲೆ ಆಕೆಯ ಬಟ್ಟೆ ನೋಡಿದರು, ಭುಜದ ಹತ್ತಿರ ಅದು ಜೋಲುತ್ತಿದ್ದದ್ದನ್ನು. ಯಾವಾಗ ಇಷ್ಟು ಸೊರಗಿದೆ ಅಂತ ಕೇಳಿದರು, ಸಣ್ಣ ದನಿಯಲ್ಲಿ. 

ಆದರೆ ಹಳೇ ಎಂಜಿನ್ನು ಪೂರ್ತಿ ಆರುವುದು ಅಷ್ಟು ಸುಲಭವಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಮನೇಲೇ ನೋಡಿಕೊಳ್ಳುತ್ತೇನೆ, ಇಂಥ ಆಸ್ಪತ್ರೆಗೆ ಸೇರಿಸಿದರೆ ಅಕ್ಕಪಕ್ಕದವರು ಏನಂದಾರು, ಅವರಿಗೆ ಏನು ಹೇಳಲಿ ಅಂದರು. ಮೈಕಿನಲ್ಲಿ ಹೇಳಿ ಅಂದರು ಸಿಸ್ಟರ್. ನಿಮಗೇನು ಹೊಸದಾ? ಹೇಳಿ ಮುಗಿಸಿ ಮನೆಗೆ ಹೋಗಿ, ಕೇಳಿದವರು ಮರೆತುಬಿಡುತ್ತಾರೆ, ಅವರಿಗೆ ಅವರ ಗಾಡಿಯ ಚಿಂತೆ.

ಯಜಮಾನರು: ನಾನು ಗಂಡ. ನಾನು ಬೇಡ ಅಂದ್ರೆ?

ದೊಡ್ಡ ಸಿಸ್ಟರ್: ನಿಮ್ಮ ಸಹಿ ಆಗಲೇ ರದ್ದಾಗಿದೆ.

ಹೊಸ ಹಾಳೆಯನ್ನು ಆಕೆಯ ಮುಂದಿಟ್ಟು ಸಿಸ್ಟರ್ ಒಂದೊಂದು ಸಾಲನ್ನೂ ಓದಿ ಹೇಳಿದರು. ಡಾಕ್ಟರು ಹನ್ನೊಂದಕ್ಕೆ ಬಂದು ನೋಡುತ್ತಾರೆ, ಮಾತ್ರೆ ಕೊಡಬಹುದು, ಅದು ಕೆಲಸ ಮಾಡಲು ಎರಡು ಮೂರು ವಾರ ಬೇಕು, ಅಷ್ಟು ದಿನ ಯಾರಾದರೂ ಒಬ್ಬರು ಕಣ್ಣಳತೆಯಲ್ಲೇ ಇರುತ್ತೇವೆ, ಸ್ನಾನಕ್ಕೆ ಹೋದರೂ ಆಯಾ ಬಾಗಿಲ ಹೊರಗೆ ನಿಂತಿರುತ್ತಾಳೆ, ಅದು ಬೇಸರವಾಗಬಹುದು. ಹೋಗಬೇಕು ಅನ್ನಿಸಿದರೆ ಬಾಯಿಬಿಟ್ಟು ಕೇಳಿ, ಕೂತು ಮಾತಾಡೋಣ. ಇರುತ್ತೀರಾ, ಹೋಗುತ್ತೀರಾ?

ಆಕೆ: ಒಳಗೆ ಗಡಿಯಾರ ಇದೆಯಾ?

ದೊಡ್ಡ ಸಿಸ್ಟರ್: ಇದೆ. ಸುಮ್ಮನೆ ಓಡುತ್ತೆ.

ಆಕೆ: ಇರ್ತೀನಿ.

ಬಹಳ ದಿನದಿಂದ ಪೆನ್ನು ಹಿಡಿಯದ ಕೈ. ಒಂದೊಂದು ಅಕ್ಷರವನ್ನೂ ಇಳಿಸಿ ಇಳಿಸಿ ಬರೆದಳು. ಯಜಮಾನರು ಎರಡು ಸಲ ಬಗ್ಗಿದರು ತಿದ್ದಲು, ಸಿಸ್ಟರ್ ಕನ್ನಡಕದ ಮೇಲಿಂದ ನೋಡಿದ್ದಕ್ಕೆ ಎರಡು ಸಲವೂ ಹಿಂದಕ್ಕೆ ಸರಿದರು.

ಹಾಗಾದರೆ ಅಲ್ಲಿಯವರೆಗೆ ನಾನೇನು ಮಾಡಲಿ ಅಂತ ಕೇಳಿದರು. ಅದು ಜಂಬದ ದನಿಯಲ್ಲ, ಟಿಕೆಟ್ಟು ಕಳೆದುಕೊಂಡವರ ದನಿ. ಅವರಿಗೆ ಬಾಚಣಿಗೆ, ಟವೆಲ್ಲು, ನಾಲ್ಕು ಜೊತೆ ಬಟ್ಟೆ ತನ್ನಿ ಅಂದರು ಸಿಸ್ಟರ್. ಎಲ್ಲಿರುತ್ತೆ ಅದೆಲ್ಲ ಅಂತ ಯಜಮಾನರು ಹೆಂಡತಿಯ ಕಡೆ ತಿರುಗಿದರು. ಆಕೆ ಪೆನ್ನನ್ನು ಸಿಸ್ಟರ್ ಕೈಗೆ ವಾಪಸ್ ಕೊಟ್ಟಳು. ನೋಡಲು ಬರುವ ಹೊತ್ತು ಸಂಜೆ ನಾಲ್ಕರಿಂದ ಐದು; ಬಂದರೆ ಪಕ್ಕದಲ್ಲಿ ಕೂರಬೇಕು, ಆಕೆ ಹೇಳಿದ್ದನ್ನು ಕೇಳಬೇಕು, ಹೇಳದಿದ್ದರೆ ಅದನ್ನೂ ಕೇಳಬೇಕು ಅಂತ ಸಿಸ್ಟರ್ ಹೇಳಿಕೊಟ್ಟರು. ಅದು ಹೇಗೆ ಅಂತ ಅವರು 'ಒಂದೇ ಸಲ' ಕೇಳಿದರು. ಬನ್ನಿ, ಕಲಿಸುತ್ತೇವೆ, ನಿಮಗಿಂತ ದಡ್ಡ ಹುಡುಗಿಯರಿಗೂ ಕಲಿಸಿದ್ದೇವೆ ಅಂದರು ಸಿಸ್ಟರ್.

ನಾನು ಆಕೆಯನ್ನು ಒಳಗೆ ಕರೆದುಕೊಂಡು ಹೋಗಿ ಕಿಟಕಿಯ ಪಕ್ಕದ ಮಂಚ ತೋರಿಸಿದೆ. ವಾರ್ಡಿನ ಚಹಾ ಬಂದಿತ್ತು. ಒಂದು ಸ್ಟೀಲ್ ಲೋಟದಲ್ಲಿ ಸುರಿದು ತಂದೆ. ಯಜಮಾನರು ವಾರ್ಡಿನ ಬಾಗಿಲವರೆಗೂ ಬಂದು, ಹೊಸ್ತಿಲ ಆಚೆಯೇ ನಿಂತಿದ್ದರು. ಲೋಟ ನೋಡಿದ್ದೇ ತಡ ಕೈಯೆತ್ತಿದರು.

ಯಜಮಾನರು: ಆಯಮ್ಮ, ಅವಳಿಗೆ ಸಕ್ಕರೆ ಹಾಕಬೇಡಿ. ಅವಳು ಸಕ್ಕರೆ ಹಾಕ್ಕೊಳ್ಳಲ್ಲ.

ಆಕೆ: ಸಕ್ಕರೆ ಕಾಯಿಲೆ ಇರೋದು ನಿಮಗೆ. ಹನ್ನೊಂದು ವರ್ಷದಿಂದ ನಾನು ಸಪ್ಪೆ ಕುಡೀತಿದ್ದೀನಿ.

ಎಷ್ಟು ಚಮಚ ಹಾಕಲಿ ಅಂತ ನಾನು ಕೇಳಿದೆ. ಯಜಮಾನರ ಬಾಯಿ ತೆರೆಯಿತು. ಸಿಸ್ಟರ್ ಹಿಂದೆಯೇ ನಿಂತಿದ್ದರು. ಬಾಯಿ ಮುಚ್ಚಿತು.

ಆಕೆ: ಡಬ್ಬಿ ಇಲ್ಲಿಟ್ಟು ಹೋಗಿ. ನಾನೇ ಹಾಕ್ಕೊಳ್ತೀನಿ.